ಡ್ರಮ್ಮು ಖಾಲಿ ಇಲ್ಲ, ಗಾಳಿ ತುಂಬಿದೆ!

ಪಂಚಭೂತಗಳಲ್ಲಿ ಎರಡನ್ನು, ಅಂದರೆ ನೀರನ್ನೂ ಗಾಳಿಯನ್ನೂ, ಒಂದೇ ಮಧ್ಯಾಹ್ನದಲ್ಲಿ ಕಿವಿ ಹಿಡಿದು ಪಳಗಿಸಿ ಮಗಳ ನೋಟ್‌ಬುಕ್ಕಿನೊಳಗೆ ಕೂರಿಸಿಬಿಡುತ್ತೇನೆ ಎಂದು ನಾನು ಆ ಶನಿವಾರ ಘೋಷಿಸಿದೆ. ಬಾಕಿ ಮೂರು ಭೂತಗಳಿಗೆ ದಸರಾ ರಜೆಯಲ್ಲಿ ಒಂದು ಗತಿ ಕಾಣಿಸುತ್ತೇನೆ ಎಂದೂ ಸೇರಿಸಿದೆ!

ಘೋಷಣೆ ಕೇಳಿದವರು ಇಬ್ಬರು. ಆರನೇ ಕ್ಲಾಸಿನ ಮಗಳು ಧನುಶ್ರೀ ಚಪ್ಪಾಳೆ ತಟ್ಟಿದಳು. ‘ನೀರು ಮತ್ತು ಗಾಳಿಗುಳ್ಳೆ: ಮನೆಯಲ್ಲೇ ಮಾಡಿ ನೋಡಿ’ ಎಂಬ ಪಾಠಕ್ಕೆ ಸೋಮವಾರದೊಳಗೆ ಪ್ರಯೋಗ ಮಾಡಿ ಬರೆದುಕೊಂಡು ಹೋಗಬೇಕಿತ್ತು ಅವಳಿಗೆ. ಹೆಂಡತಿ ಕವಿತ ಚಪ್ಪಾಳೆ ತಟ್ಟಲಿಲ್ಲ. ರಾಬರ್ಟ್‌ಸನ್‌ಪೇಟೆಗೆ ಬಳೆ, ಹೂವು, ತರಕಾರಿ ತರಲು ಹೊರಟಿದ್ದಳು. ಎರಡು ಕೈಯಲ್ಲೂ ಚೀಲಗಳಿದ್ದವು.

"ಯಾವ ಭೂತನಾದ್ರೂ ಹಿಡೀರಿ, ನಂಗೇನು? ಒಂದು ಬೋಗುಣಿ ನೀರು ಇಕ್ಕಿದ್ದೀನಿ, ಅದ್ರಲ್ಲಿ ಆಟ ಆಡ್ಕಳಿ. ಆಡಾದ್ಮೇಲೆ ಕರಿಬೇವಿನ ಗಿಡಕ್ಕೆ ಉಯ್ಯಿರಿ. ಹಿತ್ತಲಾಗಿರೋ ಡ್ರಮ್ಮಿಗೆ ಮಾತ್ರ ಕೈ ಇಕ್ಕಬ್ಯಾಡಿ."

"ನಾನೇನು ಚಿಕ್ಕ ಮಗೂನಾ?"

"ಚಿಕ್ಕ ಮಗು ಆಗಿದ್ರೆ ಒಂದೇಟು ಕೊಟ್ಟು ನಿಶ್ಚಿಂತೆಯಾಗಿ ಓಗ್ತಿದ್ದೆ."

ಆ ಡ್ರಮ್ಮಿನ ಮಹಿಮೆಯನ್ನು ಇಲ್ಲಿ ಹೇಳಲೇಬೇಕು. ಕೆ.ಜಿ.ಎಫ್‌ನ ಉರಿಗಾಂನಲ್ಲಿ ಗಣಿಯವರ ಸಾಲುಮನೆಗಳಾದ ನಮ್ಮ ಲೈನಿಗೆ ನಲ್ಲಿ ನೀರು ಎಂಟು ದಿನಕ್ಕೊಮ್ಮೆ ಬರುತ್ತದೆ. ಬಂದಾಗ ಇರುವ ಪಾತ್ರೆಗಳಿಗೆಲ್ಲ ತುಂಬಿಕೊಳ್ಳುತ್ತೇವೆ. ನಮ್ಮ ಮನೆಯಲ್ಲಿ ಚಮಚವೊಂದು ಬಿಟ್ಟು ಮಿಕ್ಕಿದ್ದೆಲ್ಲ ತುಂಬಿರುತ್ತದೆ. ಈ ಸಲ ಆ ಇನ್ನೂರು ಲೀಟರಿನ ನೀಲಿ ಡ್ರಮ್ಮನ್ನು ಕವಿತ ಮುಟ್ಟಗೊಟ್ಟಿರಲಿಲ್ಲ. ಯಾಕೆಂದರೆ ಮಾರನೇ ದಿನ, ಭಾನುವಾರ, ನಮ್ಮ ಮನೆಯಲ್ಲಿ ಅವಳ ತಂಗಿ ಬಿಂದುಶ್ರೀಗೆ ಬಳೆ ತೊಡಿಸುವ ಶಾಸ್ತ್ರ. ಏಳು ತಿಂಗಳ ಬಸುರಿ. ಬಂಗಾರಪೇಟೆಯಿಂದ ನಲವತ್ತು ಜನ ಬರುವವರಿದ್ದರು. ಅವರ ಮುಂದಾಳು ಬಿಂದುಶ್ರೀಯ ಅತ್ತೆ ಅಮ್ಮಾಜಮ್ಮ. ಆ ಮಹಾತಾಯಿ ಹೋದ ತಿಂಗಳೇ ಎಲ್ಲರೆದುರು ಹೇಳಿದ್ದರು: "ಕೆ.ಜಿ.ಎಫ್‌ನಾಗೆ ಶಾಸ್ತ್ರನಾ? ಉಂಡ ಕೈನ ಸೆರಗಿಗೆ ಒರೆಸ್ಕಂಡು ಬರ್ಬೇಕಷ್ಟೆ!"

ಆ ಮಾತು ಕವಿತಳಿಗೆ ನಾಟಿತ್ತು. ನಾಲ್ಕು ದಿನದಿಂದ ನಾವು ಮೂವರೂ ತಲಾ ಅರ್ಧ ಬಕೆಟ್ಟಿನಲ್ಲಿ ಸ್ನಾನ ಮಾಡಿ ಆ ಡ್ರಮ್ಮನ್ನು ಕಾಪಾಡಿದ್ದೆವು. ಅದರಲ್ಲಿದ್ದದ್ದು ಬರೀ ನೀರಲ್ಲ, ನನ್ನ ಹೆಂಡತಿಯ ಮರ್ಯಾದೆ.

ಕವಿತ ಆಟೋ ಹತ್ತಿದಳು. ವಿಜ್ಞಾನ ಶುರುವಾಯಿತು!

ಸ್ಟೀಲ್ ಲೋಟವನ್ನು ಎತ್ತಿ ಹಿಡಿದು ಗಂಭೀರವಾಗಿ ಕೇಳಿದೆ: "ಇದರಲ್ಲಿ ಏನಿದೆ?"

"ಏನೂ ಇಲ್ಲ."

"ತಪ್ಪು! ಖಾಲಿ ಅಂತ ಲೋಕ ತಿಳ್ಕೊಂಡಿದೆ. ಇದರ ತುಂಬ ಗಾಳಿ ಇದೆ. ಗಾಳಿ ಇರೋ ಕಡೆ ನೀರು ಹೋಗಲ್ಲ, ನೀರು ಇರೋ ಕಡೆ ಗಾಳಿ ಹೋಗಲ್ಲ. ಅತ್ತೆ ಸೊಸೆ ಇದ್ದ ಹಾಗೆ."

ಲೋಟದ ತಳಕ್ಕೆ ಕಾಗದ ತುರುಕಿ, ಬೋರಲು ಹಾಕಿ, ನೆಟ್ಟಗೆ ಬೋಗುಣಿಯಲ್ಲಿ ಮುಳುಗಿಸಿ ಎತ್ತಿದೆ. ಕಾಗದ ಒಣಗಿಯೇ ಇತ್ತು. ಧನುಶ್ರೀಯ ಕಣ್ಣು ಅರಳಿತು. ಮತ್ತೆ ಮುಳುಗಿಸಿ ಸ್ವಲ್ಪ ಓರೆ ಮಾಡಿದೆ. ಗುಳುಕ್! ಒಂದು ದೊಡ್ಡ ಗುಳ್ಳೆ ಮೈ ಬಳುಕಿಸುತ್ತ ಮೇಲೆ ಬಂದು ಒಡೆಯಿತು. ಆಮೇಲೆ ನಾಳೆಯ ಪಾಯಸಕ್ಕಿಟ್ಟ ಒಣದ್ರಾಕ್ಷಿಯಲ್ಲಿ ನಾಲ್ಕನ್ನು ಕದ್ದು ಸೋಡಾಕ್ಕೆ ಹಾಕಿದೆ. ದ್ರಾಕ್ಷಿಗಳು ಮೈತುಂಬ ಗುಳ್ಳೆ ಕಟ್ಟಿಕೊಂಡು ಮೇಲೆ ಬಂದವು, ಗುಳ್ಳೆ ಒಡೆದಾಗ ಕೆಳಗಿಳಿದವು, ಮತ್ತೆ ಬಂದವು. ನಾನು ಫ್ಯಾಕ್ಟರಿಯಲ್ಲಿ ಹದಿನೆಂಟು ವರ್ಷದಿಂದ ನಟ್ಟು ಬೋಲ್ಟು ಎಣಿಸುತ್ತಿರುವ ಮನುಷ್ಯ. ಇಂಥದ್ದೊಂದನ್ನು ಸುಮ್ಮನೆ ಕೂತು ನೋಡಿ ಎಷ್ಟು ಕಾಲವಾಗಿತ್ತೋ!

ಅಲ್ಲಿಗೇ ನಿಲ್ಲಿಸಿದ್ದರೆ ನಾನೂ ಮನುಷ್ಯನೇ. ಆದರೆ ತಲೆಗೆ ಏರಿಬಿಟ್ಟಿತ್ತು. ಮಹಾನ್ ಪ್ರಯೋಗಗಳು ಬೋಗುಣಿಯಲ್ಲಿ ಹಿಡಿಸುತ್ತವೆಯೇ? ನನ್ನ ಕಣ್ಣು ಹಿತ್ತಲಿಗೆ ಹೋಯಿತು.

"ಅಪ್ಪಾ, ಅಮ್ಮ ಡ್ರಮ್ಮಿಗೆ ಕೈ ಇಕ್ಕಬ್ಯಾಡಿ ಅಂದಿದ್ರು."

"ಕೈ ಇಕ್ಕಬ್ಯಾಡಿ ಅಂದಿದ್ದಾಳೆ. ಪೈಪು ಇಕ್ಕಬ್ಯಾಡಿ ಅಂದಿಲ್ಲ. ಅದೂ ಅಲ್ಲದೆ ಹೇಳಿದ್ದು ನನಗೆ, ನಿನಗಲ್ಲ. ಕೈ ನೀನು ಹಾಕು."

ಕಲ್ಲುಕಟ್ಟೆಯ ಮೇಲಿದ್ದ ಡ್ರಮ್ಮಿನ ಪಕ್ಕ ಸ್ಟೂಲು ಹಾಕಿ ಮಗಳನ್ನು ನಿಲ್ಲಿಸಿದೆ. ಹಣ್ಣಿನ ರಸದ ಖಾಲಿ ಗಾಜಿನ ಬಾಟಲಿಯನ್ನು ಅವಳು ನೀರಲ್ಲಿ ಮುಳುಗಿಸಿ ತುಂಬಿಕೊಂಡು ಒಳಗೇ ಬೋರಲು ಹಿಡಿದಳು. ಗಾಡಿ ತೊಳೆಯುವ ಹಸಿರು ಪೈಪಿನ ಒಂದು ತುದಿಯನ್ನು ಬಾಟಲಿಯ ಬಾಯಿಗೆ ತೂರಿಸಿ ಇನ್ನೊಂದು ತುದಿಯಿಂದ ಊದಿದೆ. ಬುಳುಬುಳು ಬುಳುಬುಳು! ನನ್ನ ಉಸಿರು ಗುಳ್ಳೆಗಳಾಗಿ ಬಾಟಲಿಯ ನೆತ್ತಿಯಲ್ಲಿ ಸೇರುತ್ತ ನೀರನ್ನು ಹೊರಗೆ ದಬ್ಬಿತು.

"ಅಪ್ಪಾ, ಬಾಟಲಿ ನನ್ನ ಕೈನೇ ಮೇಲೆತ್ತುತ್ತಿದೆ!" ಎಂದು ಮಗಳು ಕಿರುಚಿದಳು. "ಈಗ ನಿನ್ನ ಉಸಿರನ್ನ ವಾಪಸ್ ತಗೋ ನೋಡೋಣ!"

ಮಗಳು ಸವಾಲು ಹಾಕಿದ ಮೇಲೆ ಬಿಡುವುದುಂಟೇ? ಎಳೆದೆ. ಒಂದೇ ದಮ್ಮಿಗೆ ಗಾಳಿಯೆಲ್ಲ ವಾಪಸು ಬಂತು. ಬಾಟಲಿ ಭರ್ತಿಯಾಗಿ ಅವಳ ಕೈ ಜಾರಿ ಪೈಪಿನ ಸಮೇತ ಡ್ರಮ್ಮಿನ ತಳ ಸೇರಿತು. ಗಾಳಿಯ ಹಿಂದೆಯೇ ಬಾಯಿ ತುಂಬ ನೀರೂ ಬಂತು. ಅದರಲ್ಲಿ ಗಾಡಿ ತೊಳೆದ ಶಾಂಪೂವಿನ ರುಚಿ! ಥೂ ಎಂದು ಕೈಯಲ್ಲಿದ್ದ ತುದಿಯನ್ನು ಎಸೆದೆ. ಅದು ಮೋಟುಗೋಡೆಯ ಆಚೆ ಬಿತ್ತು. ಎಲ್ಲಿ ಬಿತ್ತು ಎಂದು ನೋಡಲಿಲ್ಲ.

"ಶಾಂಪೂ ಅಂದ್ರೆ ನೆನಪಾಯ್ತು," ಎಂದೆ. "ನಡಿ, ಸೋಪಿನ ಗುಳ್ಳೆ ಬಿಡೋಣ."

ಮುಂಬಾಗಿಲ ಜಗಲಿಯ ಮೇಲೆ ಕೂತೆವು. ಲೋಟದಲ್ಲಿ ಸೋಪಿನ ನೀರು, ಚಿಟಿಕೆ ಸಕ್ಕರೆ, ತಂತಿಯ ಬಳೆ. ಮಗಳು ಮೆಲ್ಲನೆ ಊದಿದಳು. ಗುಳ್ಳೆಗಳು ಒಂದರ ಹಿಂದೊಂದು ಹೊರಟವು. ನಾಲ್ಕು ಗಂಟೆಯ ಬಿಸಿಲು ಅವುಗಳ ಮೈಮೇಲೆ ನೇರಳೆ, ಹಸಿರು, ಬಂಗಾರದ ಬಣ್ಣವಾಗಿ ಹರಿದಾಡಿತು. ತಗಡಿನ ಮಾಡುಗಳನ್ನು ದಾಟಿ, ಕರೆಂಟಿನ ತಂತಿ ತಪ್ಪಿಸಿಕೊಂಡು, ದೂರದಲ್ಲಿ ಗಣಿಯ ಕಸಮಣ್ಣು ಸುರಿದ ಬಿಳಿ ಸೈನೈಡ್ ದಿಬ್ಬದ ಕಡೆಗೆ ತೇಲಿದವು. ನಾನು ಕಂಬಕ್ಕೆ ಒರಗಿದೆ.

ನಮ್ಮ ಪಕ್ಕದ ಮನೆಯ ಮಾರಿಯಮ್ಮ ಹೇಳುತ್ತಿದ್ದುದು ನೆನಪಾಯಿತು. ಅವರ ಯಜಮಾನರು ನಂದಿದುರ್ಗ ಗಣಿಯಲ್ಲಿ ಪಂಪು ನೋಡಿಕೊಳ್ಳುತ್ತಿದ್ದವರು. ಪಂಪು ನಿಂತ ಮೇಲೆ ಸುರಂಗಗಳಿಗೆಲ್ಲ ನೀರು ತುಂಬಿಕೊಂಡಿತಂತೆ. ಹಾಗಾದರೆ ಈ ಜಗಲಿಯ ಕೆಳಗೆ, ಎಲ್ಲೋ ಆಳದಲ್ಲಿ, ಕತ್ತಲ ನೀರು ಸುಮ್ಮನೆ ನಿಂತಿದೆ. ಅದರ ತಳದಲ್ಲಿ ಯಾರೋ ಮರೆತು ಬಂದ ಊಟದ ಡಬ್ಬಿ. ಡಬ್ಬಿಯ ಮುಚ್ಚಳದಡಿ ಅಂದಿನ ಒಂದು ಹಿಡಿ ಗಾಳಿ. ಅದು ಇಂದು ಬಿಡಿಸಿಕೊಂಡು, ಗುಳ್ಳೆಯಾಗಿ, ಆತುರವಿಲ್ಲದೆ, ಒಂದೊಂದೇ ಹಂತ ಮೇಲೆ ಬರುತ್ತಿದೆ. ನನಗೂ ಮೈ ಹಗುರಾಗಿ, ನಾನೂ ಆ ಗುಳ್ಳೆಯೊಳಗೆ ಕೂತು ಮೇಲೇರುತ್ತಿರುವಂತೆ ಅನಿಸಿತು. ಬಹಳ ಸುಖವಾಗಿತ್ತು.

"ತಣ್ಣಿ ವಂದುಡುಚ್ಚಿ! ನೀರು ಬಂತು! ನೀಳ್ಳೊಚ್ಚಿನಾಯಿ!"

ನನ್ನ ಗುಳ್ಳೆ ಟಪ್ಪೆಂದು ಒಡೆಯಿತು. ಮಾರಿಯಮ್ಮನ ಮನೆಯ ಕಡೆಯಿಂದ ಮೂರು ಭಾಷೆಯಲ್ಲೂ ಕೂಗು! ನಮ್ಮ ಲೈನಿನಲ್ಲಿ ಆ ಕೂಗು ಎದ್ದರೆ ಯೋಚನೆ ಮಾಡುವ ಪದ್ಧತಿ ಇಲ್ಲ. ಮೊದಲು ಕೊಡ, ಆಮೇಲೆ ಯೋಚನೆ. ಅಡುಗೆಮನೆಗೆ ನುಗ್ಗಿ ಎರಡು ಪ್ಲಾಸ್ಟಿಕ್ ಕೊಡ ಎತ್ತಿಕೊಂಡು ಚಪ್ಪಲಿ ಕೂಡ ಮೆಟ್ಟದೆ ಓಡಿದೆ.

ಮಾರಿಯಮ್ಮನ ಅಂಗಳ ನಮ್ಮದಕ್ಕಿಂತ ತಗ್ಗಿನಲ್ಲಿದೆ. ಅದರ ಮೂಲೆಯಲ್ಲಿ ಮೊಳಕಾಲಾಳದ ಗುಂಡಿ, ಗುಂಡಿಯೊಳಗೆ ಎಲ್ಲರಿಗೂ ಸೇರಿದ ನಲ್ಲಿ. ಆ ಗುಂಡಿಯಿಂದ, ನಲ್ಲಿಗೇ ಸಿಕ್ಕಿಸಿದ ಹಾಗೆ, ಒಂದು ಹಸಿರು ಪೈಪು ತಲೆ ಎತ್ತಿತ್ತು, ಅದರಲ್ಲಿ ಸಣ್ಣಗೆ ಒಂದೇ ಸಮ ನೀರು ಬರುತ್ತಿತ್ತು. ಎಂಥ ತಿಳಿ ನೀರು! ಒಂಬತ್ತು ಮನೆಯವರೂ ಸೇರಿ ಗದ್ದಲವೋ ಗದ್ದಲ. ರಾಧಾಮಣಿ ಎರಡನೇ ಕೊಡ ಇಡಲು ಹೋದಳು. ನನ್ನೊಳಗಿದ್ದ ನ್ಯಾಯಮೂರ್ತಿ ಎದ್ದು ನಿಂತ.

"ನಿಲ್ಲಿ! ಮನೆಗೆ ಒಂದೇ ಕೊಡ! ಸಾರ್ವಜನಿಕರ ನೀರು, ಎಲ್ಲರಿಗೂ ಸಮಪಾಲು!"

"ನೀವು ಎರಡು ತಂದಿದ್ದೀರಲ್ಲ?" ಎಂದಳು ರಾಧಾಮಣಿ.

"ನಾನು ಕಡೆಯಲ್ಲಿ ನಿಲ್ತೀನಿ. ಸಾಕಾ?"

ಜನ ತಲೆದೂಗಿದರು. ಕೇಶವಣ್ಣನಂಥೋರು ಇರಬೇಕು ಎಂದರು. ಚೆನ್ನಕೇಶವ ಎಂಬ ನನ್ನ ಹೆಸರು ಆ ಗಳಿಗೆಯಷ್ಟು ಎಂದೂ ಹೊಳೆದಿರಲಿಲ್ಲ. ಅರ್ಧ ಗಂಟೆ ನಿಂತು ಒಬ್ಬೊಬ್ಬರ ಕೊಡವನ್ನೂ ಕಂಠದವರೆಗೆ ನಾನೇ ತುಂಬಿಸಿ, ನಾನೇ ಎತ್ತಿಕೊಟ್ಟೆ. ನಡುವೆ ಧನುಶ್ರೀ ಅಂಗಿ ಎಳೆದಳು.

"ಅಪ್ಪಾ, ಈ ಪೈಪು..."

"ದೊಡ್ಡವರು ಕೆಲಸ ಮಾಡುವಾಗ ನಡುವೆ ಬಾಯಿ ಹಾಕಬಾರದು, ಪುಟ್ಟಿ."

ಒಂಬತ್ತನೆಯ ಕೊಡ ಹೋಯಿತು. ನನ್ನ ಕೊಡ ಇಟ್ಟೆ. ಪೈಪು ಒಮ್ಮೆ ಕೆಮ್ಮಿತು. ಗುಳುಕ್, ಗುಳುಕ್. ಕೊನೆಗೆ ಒಂದೇ ಒಂದು ಗುಳ್ಳೆ ಬಂದು ಪೈಪಿನ ಬಾಯಲ್ಲಿ ಕೂತು, ನನ್ನನ್ನು ನೋಡಿ, ಒಡೆಯಿತು. ನೀರು ನಿಂತಿತು.

ಹೋಗಲಿ, ನಮ್ಮ ಡ್ರಮ್ಮಿದೆಯಲ್ಲ ಎಂಬ ಸಮಾಧಾನದಲ್ಲಿ ಖಾಲಿ ಕೊಡ ಬೀಸುತ್ತ ಮನೆಗೆ ಬಂದೆ. ಹಿತ್ತಲಿಗೆ ಹೋಗಿ ಡ್ರಮ್ಮಿನೊಳಗೆ ಬಗ್ಗಿದೆ. ತಳದಲ್ಲಿ ಗಾಜಿನ ಬಾಟಲಿ ಮಲಗಿತ್ತು. ಅದರ ಪಕ್ಕ ಪೈಪಿನ ತುದಿ. ಅವೆರಡನ್ನು ಬಿಟ್ಟರೆ ಒಂದು ಚೊಂಬಿನಷ್ಟು ನೀರು.

"ಅದನ್ನೇ ಹೇಳೋಕೆ ಬಂದೆ," ಎಂದಳು ಧನುಶ್ರೀ. "ಪೈಪು ನಮ್ಮದು ಅಂತ."

ಅಯ್ಯೋ ಶಿವನೇ! ಉಸಿರು ವಾಪಸು ಎಳೆದುಕೊಂಡಾಗ ನೀರಿಗೆ ದಾರಿ ತೋರಿಸಿದ್ದೆ. ಎತ್ತರದ ಡ್ರಮ್ಮಿನಿಂದ ಗೋಡೆಯಾಚೆಯ ತಗ್ಗಿನ ಗುಂಡಿಗೆ ಅದು ತಾನೇ ಹರಿದುಕೊಂಡು ಹೋಗಿತ್ತು. ನನ್ನ ನೀರಿಗೆ ನಾನೇ ಕ್ಯೂ ನಿಂತು, ನಾನೇ ಸಮಪಾಲು ಮಾಡಿ, ನಾನೇ ಎತ್ತಿಕೊಟ್ಟು, ಬರಿಗೈಲಿ ಮನೆಗೆ ಬಂದಿದ್ದೆ!

ಯಾರೂ ನೋಡದಿರಲಿ ಎಂದು ನಮ್ಮ ಕಡೆಯ ಪೈಪಿನ ತುದಿಯನ್ನು ಮೆಲ್ಲಗೆ ಗೋಡೆಯಾಚೆ ಬಿಟ್ಟೆ. ಆಮೇಲೆ ಮನಸ್ಸು ತಡೆಯದೆ, ಧೈರ್ಯ ತಂದುಕೊಂಡು ಕರೆದೆ. "ಮಾರಿಯಮ್ಮಾ, ಆ ನೀರು..."

ಮಾರಿಯಮ್ಮ ಒಳಗೆ ಗಂಡನ ಫೋಟೋದ ಮುಂದೆ ಒಂದು ಲೋಟ ನೀರಿಟ್ಟು ಕೈಮುಗಿಯುತ್ತಿದ್ದರು. ಕಣ್ಣು ಒರೆಸಿಕೊಂಡು ಗೋಡೆಯ ಹತ್ತಿರ ಬಂದರು.

"ಇವತ್ತು ನಮ್ಮವ್ರ ತಿಥಿ, ತಂಬಿ. ಮೂವತ್ ವರ್ಷ ಗಣಿನಾಗಿಂದ ನೀರು ಎತ್ತಿ ಎತ್ತಿ ಆಚೆ ಸುರಿದ್ರು. ಅವ್ರ ಮನೇಗೆ ಒಂದಿನ ನೆಟ್ಟಗೆ ನೀರು ಬರ್ಲಿಲ್ಲ. ಇವತ್ತು ನೋಡು, ಕರೀದೇ ಬಂತು. ಅವ್ರೇ ಕಳ್ಸಿರೋದು. ಏನೋ ಕೇಳ್ದೆ ನೀನು?"

"ಏನಿಲ್ಲಮ್ಮ. ನೀರು ಚೆನ್ನಾಗಿದೆಯಾ ಅಂತ."

"ಅಮೃತ!"

ಆ ಹೊತ್ತಿಗೆ ನೀರು ಬಿಡುವ ಮುನಿರಾಜು ಮೊಪೆಡ್ಡಿನಲ್ಲಿ ಬಂದ. ಹೆಂಗಸರೆಲ್ಲ ಅವನನ್ನು ಮುತ್ತಿಕೊಂಡರು. "ನಿನ್ನ ಒಟ್ಟೆ ತಣ್ಣಗಿರ್ಲಪ್ಪ! ವಾರಕ್ಕೆ ಮುಂಚೇನೇ ಬಿಟ್ಟೆಯಲ್ಲ!" ಅವನಿಗೆ ಏನೂ ಅರ್ಥವಾಗಲಿಲ್ಲ. ಆದರೆ ಅರ್ಥವಾಗದ್ದು ಎರಡೇ ಕ್ಷಣ.

"ಏನೋ, ನಿಮ್ ಕಷ್ಟ ನೋಡೋಕಾಗ್ದೆ ಒಂದು ಸುತ್ತು ತಿರುವಿಬಿಟ್ಟೆ," ಎಂದು ಕಟ್ಟೆಯ ಮೇಲೆ ಕೂತ. ಬಿಸಿ ಕಾಫಿ ಬಂತು. ನನ್ನ ನೀರಿನ ಕಾಫಿ! ಅವನು ಸೊರ್ ಎಂದು ಹೀರುವ ಶಬ್ದ ನನ್ನ ಎದೆಗೇ ಬಡಿಯಿತು.

ಟ್ಯಾಂಕರಿನವನಿಗೆ ಫೋನು ಮಾಡಿದೆ. ಡ್ರೈವರು ಮದುವೆಗೆ ಹೋಗಿದ್ದಾನೆ, ಸೋಮವಾರ ನೋಡೋಣ ಸಾರ್ ಎಂದ.

ಐದು ಗಂಟೆಗೆ ಕವಿತ ಬಂದಳು. ನನ್ನ ಮುಖ ನೋಡಿದಳು, ಚೀಲ ಕೆಳಗಿಟ್ಟಳು, ನೆಟ್ಟಗೆ ಹಿತ್ತಲಿಗೆ ಹೋದಳು. ಹದಿಮೂರು ವರ್ಷದ ಸಂಸಾರದಲ್ಲಿ ನನ್ನ ಮುಖ ಅವಳಿಗೆ ದಿನಪತ್ರಿಕೆ. ಡ್ರಮ್ಮಿನೊಳಗೆ ಬಗ್ಗಿ "ರೀ!" ಎಂದಳು. ಖಾಲಿ ಡ್ರಮ್ಮು "ರೀ... ರೀ..." ಎಂದು ತಾನೂ ಎರಡು ಸೇರಿಸಿತು.

ನಾನು ಎಲ್ಲವನ್ನೂ ಹೇಳಿದೆ. ಕೊನೆಗೆ, ಯಾವ ಕೆಟ್ಟ ಗಳಿಗೆಯೋ, ಇದನ್ನೂ ಹೇಳಿದೆ: "ಶಾಸ್ತ್ರೀಯವಾಗಿ ನೋಡಿದರೆ ಡ್ರಮ್ಮು ಖಾಲಿ ಇಲ್ಲ ಕಣೇ. ಗಾಳಿ ತುಂಬಿದೆ."

"ಸರಿ. ನಾಳೆ ಊಟ ಆದ್ಮೇಲೆ ಅಮ್ಮಾಜಮ್ಮನ ಕೈಗೆ ನೀವೇ ನಿಂತ್ಕಂಡು ಊದಿ."

ನನಗೆ ನಗು ಬರಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು. "ಒಂದೇ ಒಂದಿನ ತಲೆ ಎತ್ಕಂಡು ನಿಂತ್ಕಬೇಕು ಅಂತಿದ್ದೆ ಕಣ್ರೀ," ಎಂದಳು. ಅವಳು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಹೇಳಿದ್ದಕ್ಕೆ ನನಗೆ ನಾಚಿಕೆಯಿಂದ ಪ್ರಾಣ ಹೋದಂತಾಯಿತು.

"ಮನೆ ಮನೆಗೂ ಹೋಗಿ ನಿಜ ಹೇಳಿ ವಾಪಸ್ ಕೇಳ್ತೀನಿ," ಎಂದೆ.

"ಮಾರಿಯಮ್ಮನ್ನೂ ಕೇಳ್ತೀರಾ? ಗಂಡ ಕಳಿಸಿದ ನೀರು ಅಂತ ಫೋಟೋ ಮುಂದೆ ಇಕ್ಕವ್ರಂತಲ್ಲ?"

ಕವಿತ ಮುಖ ತೊಳೆಯಲು ಹೋಗಿ, ನೀರಿಲ್ಲವೆಂದು ನೆನಪಾಗಿ, ಸೆರಗಿನಲ್ಲಿ ಒರೆಸಿಕೊಂಡಳು. ತಲೆಗೂದಲು ಬಿಚ್ಚಿ ಮತ್ತೆ ಗಂಟು ಹಾಕಿದಳು. ಗಂಟು ಮುಗಿಯುವಷ್ಟರಲ್ಲಿ ಅವಳ ಮುಖ ಬದಲಾಗಿತ್ತು. ಕುಂಕುಮದ ಬಟ್ಟಲು ಹಿಡಿದು ಹೊರಟಳು. ನಾನೂ ಹಿಂದೆ ಹೋದೆ. ಮೊದಲನೆಯದು ರಾಧಾಮಣಿಯ ಮನೆ.

"ನಾಳೆ ನಮ್ ಬಿಂದೂಗೆ ಬಳೆ ಶಾಸ್ತ್ರ, ಬರ್ಬೇಕು. ಬರೋವಾಗ ಒಂದು ಕೊಡ ನೀರು ತರ್ಬೇಕು ಕಣಕ್ಕ. ನಮ್ ಕಡೆ ಅಂಗೊಂದು ಶಾಸ್ತ್ರ ಐತೆ. ಒಂಬತ್ತು ತಿಂಗಳಿಗೆ ಒಂಬತ್ತು ಮನೆ ನೀರು. ಮಕ್ಕಳು ಎತ್ತ ತಾಯಂದಿರು ತಂದು ಬಸುರಿ ಕಾಲಿಗೆ ಒಂದು ಉದ್ಧರಣೆ ಬಿಟ್ಟು, ಮಿಕ್ಕಿದ್ದನ್ನ ಆ ಮನೆ ಡ್ರಮ್ಮಿಗೆ ತುಂಬ್ಬೇಕು. ಒಟ್ಟೆಯೊಳಗಿನ ಕೂಸೂ ನೀರಲ್ಲೇ ತೇಲ್ತಿರ್ತದಲ್ಲ? ಸಲೀಸಾಗಿ ಆಚೆ ಬತ್ತದೆ."

"ಅಯ್ಯೋ, ಪುಣ್ಯದ ಕೆಲಸ! ನೋಡು, ಇವತ್ತೇ ನೀರೂ ಬಂದದೆ!" ಎಂದಳು ರಾಧಾಮಣಿ.

ಬೀದಿಗೆ ಬಂದ ಮೇಲೆ ಕೇಳಿದೆ, "ಯಾವ ಕಾಲದಿಂದ ಐತೆ ಕಣೇ ಈ ಶಾಸ್ತ್ರ?"

"ಐದೂವರೆಯಿಂದ," ಎಂದು ಕವಿತ ಮುಂದಿನ ಬಾಗಿಲು ತಟ್ಟಿದಳು.

ಭಾನುವಾರ ಬೆಳಿಗ್ಗೆ ನಮ್ಮ ಬೀದಿ ನೋಡಬೇಕಿತ್ತು. ಕೊಡಗಳಿಗೆ ಅರಿಸಿನ ಕುಂಕುಮ, ಬಾಯಿಗೆ ಮಾವಿನೆಲೆ. ಕೆಂಪು, ಹಳದಿ, ಹಸಿರು ಕೊಡಗಳು ಸೊಂಟದ ಮೇಲೆ ತುಳುಕುತ್ತ ಸಾಲಾಗಿ ಬಂದವು. ಬಿಂದುಶ್ರೀ ಬಳೆ ತುಂಬಿದ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಕಾಲ ಮೇಲೆ ತಣ್ಣನೆ ನೀರು ಬಿದ್ದಾಗಲೆಲ್ಲ ನಕ್ಕಳು. ನಾನು ಬಾಗಿಲಲ್ಲಿ ನಿಂತು, ನಿನ್ನೆ ಎತ್ತಿಕೊಟ್ಟ ಕೊಡಗಳನ್ನು ಒಂದೊಂದಾಗಿ ಇಳಿಸಿಕೊಂಡೆ. ಡ್ರಮ್ಮು ಮುಕ್ಕಾಲು ತುಂಬಿತು.

ಅಮ್ಮಾಜಮ್ಮ ಮೂಗಿನ ಮೇಲೆ ಬೆರಳಿಟ್ಟುಕೊಂಡು ನೋಡಿದರು. ಕವಿತ ಉಸಿರು ಬಿಗಿಹಿಡಿದಳು. ನಾನಂತೂ ಉಸಿರಾಡುವುದನ್ನೇ ಬಿಟ್ಟಿದ್ದೆ.

"ಈ ಶಾಸ್ತ್ರ ನಮ್ಮಜ್ಜಿ ಕಾಲದಾಗಿತ್ತು," ಎಂದರು ಅಮ್ಮಾಜಮ್ಮ. "ನಾವೆಲ್ಲ ಬಿಟ್ಬುಟ್ವಿ. ಕೆ.ಜಿ.ಎಫ್‌ನೋರು ಇನ್ನೂ ಉಳಿಸ್ಕಂಡವ್ರೆ ನೋಡ್ರಮ್ಮ!"

ಊಟವಾದ ಮೇಲೆ ಆಕೆ ಎರಡೆರಡು ಸಲ ಕೈ ತೊಳೆದರು. ಚೊಂಬು ಹಿಡಿದು ನೀರು ಬಿಟ್ಟವನು ನಾನೇ. ನೀರು ಕೊಟ್ಟ ಪುಣ್ಯಾತ್ಮನೆಂದು ಬೀದಿಯ ಹೆಂಗಸರು ಮುನಿರಾಜುವಿಗೆ ಮೊದಲ ಎಲೆ ಹಾಕಿ, ತಾಂಬೂಲವನ್ನೂ ನನ್ನ ಕೈಯಿಂದಲೇ ಕೊಡಿಸಿದರು. ಅವನು ಬೇಡ ಬೇಡ ಎನ್ನುತ್ತಲೇ ತೆಗೆದುಕೊಂಡ.

ಎಲ್ಲರೂ ಹೋದ ಮೇಲೆ ಮಾರಿಯಮ್ಮ ಹಿಂದೆ ಉಳಿದರು. ಮಡಚಿದ ಸೀರೆಯಡಿಯಿಂದ ಅಚ್ಚುಕಟ್ಟಾಗಿ ಸುತ್ತಿದ ಹಸಿರು ಪೈಪನ್ನು ತೆಗೆದು ನನ್ನ ಕೈಗಿಟ್ಟರು.

"ನಿನ್ನೆ ನಿಮ್ ಮನೆ ನಲ್ಲಿ ನಮ್ ಗುಂಡಿಗೆ ಬಂದು ಬಿದ್ದಿತ್ತು, ತಂಬಿ," ಎಂದು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. "ಸಾಯಂಕಾಲ ಗುಡಿಸೋವಾಗ ಗೊತ್ತಾಯ್ತು. ಇರ್ಲಿ ಬಿಡು. ನಮ್ಮವ್ರಿಗೆ ಮಾತ್ರ ಯೋಳ್ಬ್ಯಾಡ. ನಿನ್ನೆಯಿಂದ ಫೋಟೋದಾಗೆ ನಗ್ತಾವ್ರೆ."

ನಾನು ಪೈಪನ್ನು ಒಯ್ದು ಹಿತ್ತಲ ಮೊಳೆಗೆ ನೇತುಹಾಕಿದೆ.

ಸೋಮವಾರ ಸಂಜೆ ಧನುಶ್ರೀ ನೋಟ್‌ಬುಕ್ಕು ತಂದು ತೋರಿಸಿದಳು. ಟೀಚರು ಹತ್ತಕ್ಕೆ ಹತ್ತು ಕೊಟ್ಟಿದ್ದರು! ವಿಜ್ಞಾನಿಯ ಠೀವಿಯಿಂದ ಕನ್ನಡಕ ಹಾಕಿಕೊಂಡು, ಕವಿತಳಿಗೂ ಕೇಳಲಿ ಎಂದು ಗಟ್ಟಿಯಾಗಿ ಓದಿದೆ.

"ಬೇಕಾಗುವ ಸಾಮಗ್ರಿ: ಡ್ರಮ್ಮು ಒಂದು, ಪೈಪು ಒಂದು, ಬಾಟಲಿ ಒಂದು, ಅಪ್ಪ ಒಂದು. ತೀರ್ಮಾನ: ಎತ್ತರದಿಂದ ತಗ್ಗಿಗೆ ನೀರನ್ನು ಕಳಿಸಲು ಅಪ್ಪ ಸಾಕು. ತಗ್ಗಿನಿಂದ ಎತ್ತರಕ್ಕೆ ವಾಪಸು ತರಲು ಅಮ್ಮನೇ ಬೇಕು."